ಚಿಪ್ಪು ಕಟ್ಟಲಾಗದ ಸಿಂಪಿ ಮರಿಗಳು

ಅಮೆರಿಕದ ಪಶ್ಚಿಮ ಕರಾವಳಿಯ ಆರೆಗಾನ್ ರಾಜ್ಯದಲ್ಲಿ ನೆಟಾರ್ಟ್ಸ್ ಎಂಬ ಪುಟ್ಟ ಕೊಲ್ಲಿಯಿದೆ. ಅಲ್ಲಿನ ವಿಸ್ಕಿ ಕ್ರೀಕ್ ಕೇಂದ್ರ, ಆಹಾರವಾಗಿ ಬಳಸುವ ಸಿಂಪಿಗಳ (ಆಯ್‌ಸ್ಟರ್) ಮೊಟ್ಟೆಗಳಿಂದ ಮರಿ ಮಾಡಿಸಿ ಸಾಕಣೆದಾರರಿಗೆ ಮಾರುತ್ತದೆ. 2007ರಲ್ಲಿ ಅಲ್ಲಿನ ತೊಟ್ಟಿಗಳಲ್ಲಿ ಮರಿಗಳು ರಾಶಿ ರಾಶಿಯಾಗಿ ಸಾಯತೊಡಗಿದವು. ಮೊದಲು ಸಂಶಯ ಹೋದದ್ದು ಬ್ಯಾಕ್ಟೀರಿಯಾಗಳ ಮೇಲೆ. ಆದರೆ ನೀರನ್ನು ಶುದ್ಧೀಕರಿಸಿದರೂ ಸಾವು ನಿಲ್ಲಲಿಲ್ಲ. ದೋಷ ಕೊಲ್ಲಿಯಿಂದ ಬರುವ ನೀರಿನಲ್ಲೇ ಇದೆಯೆಂಬುದನ್ನು ಆರೆಗಾನ್ ಸ್ಟೇಟ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಅಲ್ಲಿಯವರ ಜೊತೆಗೂಡಿ ಪತ್ತೆಹಚ್ಚಿ, 2012ರಲ್ಲಿ ಪ್ರಕಟಿಸಿದರು.

ನೀರಿಗೆ ಏನಾಗಿತ್ತು? ಮನುಷ್ಯ ಗಾಳಿಗೆ ಬಿಡುವ ಇಂಗಾಲದ ಡೈಆಕ್ಸೈಡಿನಲ್ಲಿ ಸುಮಾರು ಕಾಲುಭಾಗವನ್ನು ಸಾಗರ ಹೀರಿಕೊಳ್ಳುತ್ತದೆ. ಅದು ನೀರಿನೊಡನೆ ಸೇರಿ ಕಾರ್ಬಾನಿಕ್ ಆಮ್ಲವಾಗುತ್ತದೆ. ಗೋಲಿ ಸೋಡ ಕುಡಿದಾಗ ನಾಲಗೆಗೆ ತಗಲುವ ಹುಳಿ ಇದರದೇ. ಕೈಗಾರಿಕಾ ಕ್ರಾಂತಿಗೆ ಮುಂಚೆ ಸಾಗರದ ಮೇಲ್ಮೈ ನೀರಿನ ಪಿಹೆಚ್ ಸುಮಾರು 8.2 ಇತ್ತು, ಈಗ ಸುಮಾರು 8.1ಕ್ಕೆ ಇಳಿದಿದೆ. ಸಮುದ್ರ ಇನ್ನೂ ಪ್ರತ್ಯಾಮ್ಲೀಯವೇ. ಆದರೆ ಪಿಹೆಚ್ ಲಾಗರಿತಮ್ ಅಳತೆಯಾದ್ದರಿಂದ 0.1 ಇಳಿದರೆ ಹೈಡ್ರೊಜನ್ ಅಯಾನುಗಳು ಕಾಲುಭಾಗಕ್ಕೂ ಹೆಚ್ಚಾದಂತೆ. ಇವು ಕಾರ್ಬೊನೇಟ್ ಅಯಾನುಗಳೊಡನೆ ಕೂಡಿಬಿಡುತ್ತವೆ. ಚಿಪ್ಪು ಕಟ್ಟಲು ಬೇಕಾದ ಇಟ್ಟಿಗೆಗಳು ಈ ಕಾರ್ಬೊನೇಟುಗಳೇ!

ಆರೆಗಾನ್ ತೀರದಲ್ಲಿ ಇನ್ನೊಂದು ತೊಡಕುಂಟು. ಬೇಸಿಗೆಯಲ್ಲಿ ಉತ್ತರದಿಂದ ಬೀಸುವ ಗಾಳಿಯಿಂದಾಗಿ ಮೇಲಿನ ನೀರು ದಡದಿಂದ ದೂರ ಸರಿದು, ಆಳದ ತಣ್ಣೀರು ಮೇಲೇರುತ್ತದೆ. ಜೀವಿಗಳ ಕೊಳೆಯುವಿಕೆಯಿಂದ ಅದರಲ್ಲಿ ಇಂಗಾಲದ ಡೈಆಕ್ಸೈಡ್ ಮೊದಲೇ ಹೆಚ್ಚು. ಮನುಷ್ಯನ ಪಾಲು ಅದಕ್ಕೆ ಕೂಡಿಕೊಂಡಿದೆ.

ಹಾಗಾದರೆ ಚಿಪ್ಪು ಆಮ್ಲದಲ್ಲಿ ಕರಗಿಹೋಯಿತೇ? ಅಲ್ಲ, ಕಟ್ಟುವ ಹಂತದಲ್ಲೇ ಮರಿಗಳು ಸೋತವು. ಸಿಂಪಿ ಮರಿ ಹುಟ್ಟಿದ ಸುಮಾರು ಎರಡೇ ದಿನಗಳಲ್ಲಿ ಮೊದಲ ಚಿಪ್ಪನ್ನು ಕಟ್ಟಬೇಕು. ಆ ತನಕ ಅದು ಹೊರಗಿನ ಆಹಾರ ತಿನ್ನಲಾರದು. ಮೊಟ್ಟೆಯಲ್ಲಿ ತಾಯಿ ಇಟ್ಟ ಬುತ್ತಿಯಷ್ಟೇ ಗತಿ. ಕಾರ್ಬೊನೇಟ್ ವಿರಳವಾದಾಗ ಚಿಪ್ಪು ಕಟ್ಟಲು ಹೆಚ್ಚು ಶಕ್ತಿ ಬೇಕು. ಕೆಲಸ ಮುಗಿಯುವ ಮೊದಲೇ ಬುತ್ತಿ ಖಾಲಿಯಾದರೆ ಮರಿ ಸಾಯುತ್ತದೆ. ಮರಿಯ ಚಿಪ್ಪು ಅರಾಗೊನೈಟ್ ಎಂಬ, ಬೇಗ ಕರಗುವ ಸುಣ್ಣದಿಂದಾದದ್ದು. ಬೆಳೆದ ಸಿಂಪಿಯ ಚಿಪ್ಪು ಬಹುಪಾಲು ಗಟ್ಟಿ ಕ್ಯಾಲ್ಸೈಟ್. ಆದ್ದರಿಂದಲೇ ಪೆಟ್ಟು ಹೆಚ್ಚಾಗಿ ಎಳೆಯವಕ್ಕೆ.

ಈಗ ಆ ಕೇಂದ್ರದಲ್ಲಿ ನೀರಿನ ಗುಣವನ್ನು ಸತತವಾಗಿ ಅಳೆದು, ಅಗತ್ಯವಿದ್ದಾಗ ಸೋಡಿಯಂ ಕಾರ್ಬೊನೇಟ್ ಬೆರೆಸುತ್ತಾರೆ. ಬಟ್ಟೆ ಒಗೆಯುವ ವಾಷಿಂಗ್ ಸೋಡದಲ್ಲಿರುವುದೂ ಇದೇ. ಮರಿಗಳು ಮತ್ತೆ ಬದುಕತೊಡಗಿವೆ. ಆದರೆ ಇದು ತೊಟ್ಟಿಗಷ್ಟೇ ಆಗುವ ಮದ್ದು. ಹೊರಗಿನ ಕಡಲಿನಲ್ಲಿ ಹುಟ್ಟುವ ಮರಿಗಳಿಗೆ ಸೋಡ ಬೆರೆಸುವವರಿಲ್ಲ. ಅವುಗಳ ಮಟ್ಟಿಗೆ, ಕಲ್ಲಿದ್ದಲು ಮತ್ತು ತೈಲದ ಹೊಗೆಯನ್ನು ನಾವು ತಗ್ಗಿಸುವುದೇ ಉಳಿದಿರುವ ಉಪಾಯ.