ಪೆಡಲ್ ಕೊಡುವ ಸಾಕ್ಷಿ

ಹಳೆಯ ಅಂಬಾಸಿಡರ್ ಅಥವಾ ಪ್ರೀಮಿಯರ್ ಪದ್ಮಿನಿಯ ಬ್ರೇಕ್ ಕೈಕೊಟ್ಟಾಗ ಕಾರಿನವರು ಸಾಮಾನ್ಯವಾಗಿ ಹೇಳುವ ಮಾತು ಒಂದೇ: "ಚೆನ್ನಾಗೇ ಇತ್ತು, ಇದ್ದಕ್ಕಿದ್ದಂತೆ ಹೋಯ್ತು." ಅನುಭವಿ ಮೆಕ್ಯಾನಿಕ್ ಆಗ ಸ್ಪ್ಯಾನರ್ ಎತ್ತಿಕೊಳ್ಳುವ ಮೊದಲು, ಕಾಲಿಗೆ ಏನನ್ನಿಸಿತು ಎಂದು ವಿಚಾರಿಸುತ್ತಾರೆ. ಪೆಡಲ್ ನೆಲ ಮುಟ್ಟಿತೇ, ಅರ್ಧಕ್ಕೆ ನಿಂತಿತೇ? ಮೆತ್ತಗಿತ್ತೇ, ಗಟ್ಟಿಯಾಗಿತ್ತೇ? ಎರಡು ಮೂರು ಸಲ ತುಳಿದರೆ ಮೇಲೆ ಬಂತೇ? ಅರ್ಧ ಗಂಟೆ ನಿಂತ ಮೇಲೆ ತಾನಾಗಿಯೇ ಸರಿಹೋಯಿತೇ? ಈ ಉತ್ತರಗಳಲ್ಲೇ ರೋಗದ ಮುಕ್ಕಾಲು ಪತ್ತೆ ಇರುತ್ತದೆ. ಗಾಬರಿಯಲ್ಲಿ ಆಯಿಲ್ ತುಂಬಿಸಿ, ಏರ್ ತೆಗೆಸಿ, ಆಮೇಲೆ ಕಾರಣ ಹುಡುಕಲು ಹೊರಟರೆ ಸಾಕ್ಷಿ ಅಳಿಸಿಹೋಗಿರುತ್ತದೆ.

ಮುಚ್ಚಿದ ಪಾತ್ರೆಯ ದ್ರವದ ಮೇಲೆ ಒಂದು ಕಡೆ ಒತ್ತಡ ಹಾಕಿದರೆ ಅದು ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ ಎಂದು ಫ್ರಾನ್ಸಿನ ಬ್ಲೇಸ್ ಪಾಸ್ಕಲ್ ತೋರಿಸಿದ್ದು 17ನೆಯ ಶತಮಾನದಲ್ಲಿ. ಆ ನಿಯಮ ಕಾರಿನ ನಾಲ್ಕೂ ಚಕ್ರಗಳಿಗೆ ತಲುಪಿದ್ದು 1921ರ ಅಮೆರಿಕದ ಡ್ಯೂಸೆನ್‌ಬರ್ಗ್ ಕಾರಿನಲ್ಲಿ. ಇಂದಿಗೂ ಲೆಕ್ಕ ಅದೇ. ಕಾಲು 20 ಕಿಲೋ ತೂಕದಷ್ಟು ಒತ್ತಿತು ಎನ್ನಿ. ಪೆಡಲಿನ ಸನ್ನೆ ಅದನ್ನು ಐದು ಪಟ್ಟು ಹೆಚ್ಚಿಸಿ 100 ಕಿಲೋ ಮಾಡುತ್ತದೆ. ಆ ಬಲ ಮಾಸ್ಟರ್ ಸಿಲಿಂಡರಿನ 22 ಮಿಲಿಮೀಟರ್ ವ್ಯಾಸದ ಪಿಸ್ಟನ್ ಮೇಲೆ ಬಿದ್ದಾಗ ಬ್ರೇಕ್ ಆಯಿಲಿನಲ್ಲಿ ಚದರ ಸೆಂಟಿಮೀಟರಿಗೆ ಸುಮಾರು 26 ಕಿಲೋ ಒತ್ತಡ ಹುಟ್ಟುತ್ತದೆ. ಕಾರಿನ ಟೈರಿನಲ್ಲಿರುವ ಗಾಳಿಯ ಒತ್ತಡದ ಹತ್ತು ಪಟ್ಟಿಗೂ ಹೆಚ್ಚು. ಅದು ಕೊಳವೆಗಳಲ್ಲಿ ಹಾದು ವೀಲ್ ಸಿಲಿಂಡರುಗಳನ್ನು ತಲುಪಿ, ಬ್ರೇಕ್ ಶೂಗಳನ್ನು ಡ್ರಮ್ಮಿಗೆ ಒತ್ತುತ್ತದೆ.

ಇದೆಲ್ಲ ನಡೆಯುವುದು ದ್ರವ ಕುಗ್ಗುವುದಿಲ್ಲ ಎಂಬ ಒಂದೇ ಗುಣದಿಂದ. ದ್ರವ ಹೊರಗೆ ಸೋರಿದರೂ, ಒಳಗೇ ಹಿಂದಕ್ಕೆ ನುಸುಳಿದರೂ, ಅದರ ನಡುವೆ ಗಾಳಿಯೋ ಆವಿಯೋ ಸೇರಿದರೂ ಕಾಲಿನ ಶ್ರಮ ಚಕ್ರಕ್ಕೆ ಮುಟ್ಟುವುದಿಲ್ಲ. ಹಳೆಯ ಕಾರುಗಳಿಗೆ ಇನ್ನೊಂದು ಸಂಕಟವಿದೆ. ಅವುಗಳಲ್ಲಿ ನಾಲ್ಕು ಚಕ್ರಗಳಿಗೂ ಸೇರಿ ಒಂದೇ ಜಾಲ, ಮಾಸ್ಟರ್ ಸಿಲಿಂಡರಿನಲ್ಲಿ ಒಂದೇ ಪಿಸ್ಟನ್. ಎಲ್ಲಿ ತೂತು ಬಿದ್ದರೂ ನಾಲ್ಕೂ ಬ್ರೇಕುಗಳು ಒಟ್ಟಿಗೆ ಹೋಗುತ್ತವೆ. ಅಮೆರಿಕ 1968ರಲ್ಲಿ ಹೊಸ ಕಾರುಗಳಿಗೆ ಎರಡು ಪ್ರತ್ಯೇಕ ಜಾಲಗಳನ್ನು ಕಡ್ಡಾಯ ಮಾಡಿದ್ದು ಇದೇ ಕಾರಣಕ್ಕೆ. ಹಳೆಯ ಕಾರಿನಲ್ಲಿ ಉಳಿಯುವ ಆಸರೆ ಕೇಬಲ್ಲಿನಿಂದ ಎಳೆಯುವ ಹ್ಯಾಂಡ್ ಬ್ರೇಕ್ ಮತ್ತು ಕೆಳಗಿನ ಗೇರು.

ತಪಾಸಣೆ ಶುರುವಾಗಬೇಕಾದ್ದು ಆಯಿಲ್ ಡಬ್ಬಿಯಿಂದ. ಮಟ್ಟ ಇಳಿದಿದ್ದರೆ ಆಯಿಲ್ ಎಲ್ಲೋ ಹೊರಗೆ ಹೋಗಿದೆ. ಟಾರ್ಚ್ ಹಿಡಿದು ನಾಲ್ಕೂ ಟೈರುಗಳ ಒಳಮೈ ನೋಡಿ. ವೀಲ್ ಸಿಲಿಂಡರಿನ ವಾಷರ್ ಹೋಗಿದ್ದರೆ ಡ್ರಮ್ಮಿನ ಹಿಂಬದಿ ತಟ್ಟೆಯ ಕೆಳ ಅಂಚಿನಿಂದ ಟೈರಿನ ಮೇಲೆ ಒದ್ದೆ ಗೆರೆ ಇಳಿದಿರುತ್ತದೆ, ಅದಕ್ಕೆ ಧೂಳು ಮೆತ್ತಿ ಕಪ್ಪಾಗಿರುತ್ತದೆ. ಅಲ್ಲಿ ಇಲ್ಲವಾದರೆ ರಬ್ಬರ್ ಹೋಸುಗಳು, ಚಾಸಿಗೆ ಕ್ಲಿಪ್ ಹಾಕಿದ ಕಡೆ ತುಕ್ಕು ಹಿಡಿಯುವ ಉಕ್ಕಿನ ಕೊಳವೆ. ಇದು ಸುಲಭದ ಪತ್ತೆ.

ಡಬ್ಬಿ ತುಂಬಿದೆ, ಎಲ್ಲೂ ಒದ್ದೆಯಿಲ್ಲ, ಆದರೂ ಪೆಡಲ್ ನೆಲಕ್ಕಿಳಿಯುತ್ತದೆ ಎಂದಾಗ ಕುತೂಹಲ ಹೆಚ್ಚುತ್ತದೆ. ಪೆಡಲನ್ನು ಹದವಾಗಿ ಒತ್ತಿ ಹಾಗೇ ಹಿಡಿಯಿರಿ. ಮೊದಲು ತಡೆದು ನಿಂತು, ಆಮೇಲೆ ನಿಧಾನವಾಗಿ ಕುಸಿಯುತ್ತ ಹೋದರೆ ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರ್ ವಾಷರ್ ಹರಿದಿದೆ. ಆಯಿಲ್ ಚಕ್ರಕ್ಕೆ ಹೋಗುವ ಬದಲು ವಾಷರಿನ ಅಂಚಿನಿಂದ ನುಸುಳಿ ಡಬ್ಬಿಗೇ ಮರಳುತ್ತಿದೆ. ಒಂದು ಹನಿಯೂ ಹೊರಗೆ ಕಾಣಿಸುವುದಿಲ್ಲ.

ಈ ವಾಷರ್ ಒಂದೇ ದಿನದಲ್ಲಿ ಹರಿಯುವುದು ಹೇಗೆ? ವರ್ಷಗಟ್ಟಲೆ ಶೆಡ್ಡಿನಲ್ಲಿ ನಿಂತ ಕಾರಿನ ಮಾಸ್ಟರ್ ಸಿಲಿಂಡರನ್ನು ಬಿಚ್ಚಿ ಬೆಳಕಿಗೆ ಹಿಡಿದರೆ ಉತ್ತರ ಕಾಣುತ್ತದೆ. ದಿನನಿತ್ಯದ ಬಳಕೆಯಲ್ಲಿ ಪಿಸ್ಟನ್ ಓಡಾಡಿದಷ್ಟು ಭಾಗ ಕನ್ನಡಿಯಂತೆ ಹೊಳೆಯುತ್ತಿರುತ್ತದೆ. ಅದರಾಚೆ, ಪಿಸ್ಟನ್ ಎಂದೂ ತಲುಪದ ಕಡೆ, ತುಕ್ಕಿನ ಕಂದು ಉಂಗುರ. ಬೆರಳಾಡಿಸಿದರೆ ಉಗುರಿಗೆ ಸಿಕ್ಕುವಷ್ಟು ಒರಟು. ಕಾರನ್ನು ಮತ್ತೆ ರಸ್ತೆಗಿಳಿಸುವ ಸಂಭ್ರಮದಲ್ಲಿ ಒಬ್ಬರು ವೀಲ್ ಸಿಲಿಂಡರಿನ ಏರ್ ಬಿಡುವ ನಿಪ್ಪಲ್ ಸಡಿಲಿಸುತ್ತಾರೆ, ಇನ್ನೊಬ್ಬರು ಏರ್ ತೆಗೆಯಲೆಂದು ಪೆಡಲನ್ನು ನೆಲದವರೆಗೆ ತುಳಿಯುತ್ತಾರೆ. ಅದುವರೆಗೆ ನುಣುಪಿನಲ್ಲೇ ಓಡಾಡಿದ ವಾಷರ್ ಮೊದಲ ಬಾರಿಗೆ ಆ ಒರಟಿನ ಮೇಲೆ ಉಜ್ಜಿ ಗೀರು ಬೀಳುತ್ತದೆ. ಬ್ರೇಕ್ ಕೆಲಸ ಮಾಡಿಸಿದ ಮರುದಿನವೇ ಬ್ರೇಕ್ ಹೋಗುವ ಹಲವು ಪ್ರಸಂಗಗಳ ಹಿಂದೆ ಇದಿದೆ. ಏರ್ ತೆಗೆಯುವಾಗ ಪೆಡಲಿನ ಕೆಳಗೆ ಒಂದು ಮರದ ತುಂಡು ಇಟ್ಟರೆ ಪಿಸ್ಟನ್ ಅಷ್ಟು ದೂರ ಹೋಗುವುದೇ ಇಲ್ಲ. ಇಷ್ಟು ಸಣ್ಣ ಎಚ್ಚರಿಕೆಯನ್ನು ಪ್ರತಿ ಗ್ಯಾರೇಜಿನಲ್ಲೂ ಹೇಳಿಕೊಡಬೇಕೆಂದು ನನಗೆ ಬಲವಾಗಿ ಅನ್ನಿಸುತ್ತದೆ.

ಪಂಪ್ ಮಾಡಿದಾಗ ಪೆಡಲ್ ಮೇಲೆ ಬಂದರೆ ಕಥೆ ಬೇರೆ. ಎರಡನೆಯ ತುಳಿತಕ್ಕೇ ಮೇಲೆ ಬಂದು ಗಟ್ಟಿಯಾಗಿ ನಿಂತರೆ ಶೂ ಮತ್ತು ಡ್ರಮ್ಮಿನ ನಡುವೆ ಅಂತರ ಜಾಸ್ತಿಯಾಗಿದೆ, ಅಡ್ಜಸ್ಟ್ ಮಾಡಿದರೆ ಸಾಕು. ಮೇಲೆ ಬಂದರೂ ಸ್ಪಂಜಿನ ಹಾಗೆ ಮೆತ್ತಗಿದ್ದರೆ ಕೊಳವೆಯಲ್ಲಿ ಗಾಳಿ ಸೇರಿದೆ. ಆ ಗಾಳಿ ಬಂದ ದಾರಿಯನ್ನು ಹುಡುಕದೆ ಬರೀ ಏರ್ ತೆಗೆಸಿಕೊಂಡು ಹೋದರೆ ತೊಂದರೆ ಮರಳಿ ಬರುತ್ತದೆ.

ನನ್ನ ದೃಷ್ಟಿಯಲ್ಲಿ ಅತ್ಯಂತ ಅಪಾಯಕಾರಿ ಎಂದರೆ ತಾನಾಗಿಯೇ ಹೋಗಿ ತಾನಾಗಿಯೇ ಬರುವ ಬ್ರೇಕ್. ಘಾಟಿ ಇಳಿಯುವ ನಮ್ಮ ಊರುಗಳವರಿಗೆ ಇದು ಚೆನ್ನಾಗಿ ಗೊತ್ತಿರಬೇಕು. ಜನ, ಸಾಮಾನು ಸೇರಿ 1,400 ಕಿಲೋ ತೂಗುವ ಕಾರು ಆಗುಂಬೆಯಂಥ ಘಾಟಿಯಲ್ಲಿ 500 ಮೀಟರ್ ಇಳಿದರೆ ಬಿಡುಗಡೆಯಾಗುವ ಶಕ್ತಿ ಸುಮಾರು 69 ಲಕ್ಷ ಜೂಲ್. 20 ಲೀಟರಿಗೂ ಹೆಚ್ಚು ತಣ್ಣೀರನ್ನು ಕುದಿಯುವ ಹಂತಕ್ಕೆ ತರುವಷ್ಟು. ಗೇರ್ ಇಳಿಸದೆ ಬ್ರೇಕಿನ ಮೇಲೇ ಭಾರ ಹಾಕಿದರೆ ಈ ಶಾಖದ ಬಹುಪಾಲು ಡ್ರಮ್ಮುಗಳಿಗೆ ಹೋಗುತ್ತದೆ.

ಮಾಮೂಲಿ ಬ್ರೇಕ್ ಆಯಿಲ್ ಗ್ಲೈಕಾಲ್ ಜಾತಿಯ ದ್ರವ. ಅದು ರಬ್ಬರ್ ಹೋಸುಗಳ ಮೂಲಕವೂ ಡಬ್ಬಿಯ ಮುಚ್ಚಳದ ಸಣ್ಣ ರಂಧ್ರದಿಂದಲೂ ಗಾಳಿಯ ತೇವವನ್ನು ಹೀರಿಕೊಳ್ಳುತ್ತಲೇ ಇರುತ್ತದೆ. ಡಾಟ್ 3 ದರ್ಜೆಯ ಹೊಸ ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ನಿಯಮ. ಅದರಲ್ಲಿ ಶೇ. 3.7ರಷ್ಟು ನೀರು ಸೇರಿದರೆ ಈ ಮಿತಿ 140ಕ್ಕೆ ಇಳಿಯುತ್ತದೆ. ಮಲೆನಾಡಿನ ಮಳೆಗಾಲ ಕಂಡ, ವರ್ಷಗಳಿಂದ ಬದಲಾಯಿಸದ ಆಯಿಲಿಗೆ ಘಾಟಿಯ ಬಿಸಿ ತಡೆದುಕೊಳ್ಳುವ ಶಕ್ತಿ ಇರುವುದಿಲ್ಲ. ಒಂದು ಹನಿ ನೀರು ಆವಿಯಾದರೆ ಸಾಮಾನ್ಯ ಒತ್ತಡದಲ್ಲಿ ಸುಮಾರು 80 ಮಿಲಿಲೀಟರ್ ಜಾಗ ಹಿಡಿಯುತ್ತದೆ. ಪೆಡಲನ್ನು ಪೂರ್ತಿ ತುಳಿದರೂ ಮಾಸ್ಟರ್ ಸಿಲಿಂಡರ್ ತಳ್ಳುವ ಆಯಿಲ್ 10 ಮಿಲಿಲೀಟರ್ ಆಸುಪಾಸು. ಹೀಗಾಗಿ ತುಳಿತವೆಲ್ಲ ಆವಿಯನ್ನು ಹಿಸುಕುವುದರಲ್ಲೇ ಮುಗಿಯುತ್ತದೆ.

ಇದು ಘಾಟಿ ಮುಗಿದ ಮೇಲೂ ಸಂಭವಿಸಬಹುದು. ತುಳಿದು ಹಿಡಿದಿರುವಾಗ ಒತ್ತಡ ಹೆಚ್ಚಿರುವುದರಿಂದ ಆಯಿಲ್ ಕುದಿಯುವುದು ಕಷ್ಟ. ಕಾಲು ತೆಗೆದು, ಕಾರು ನಿಲ್ಲಿಸಿ, ಚಹಾ ಕುಡಿಯಲು ಇಳಿದಾಗ ಒತ್ತಡವೂ ಇಲ್ಲ, ಚಕ್ರಕ್ಕೆ ಬೀಸುವ ಗಾಳಿಯೂ ಇಲ್ಲ. ಡ್ರಮ್ಮಿನ ಕಾವು ನಿಧಾನವಾಗಿ ವೀಲ್ ಸಿಲಿಂಡರಿಗೆ ಇಳಿಯುತ್ತದೆ, ಆವಿ ಹುಟ್ಟಿ ಆಯಿಲನ್ನು ಡಬ್ಬಿಗೆ ಹಿಂದೂಡುತ್ತದೆ. ಮತ್ತೆ ಹೊರಟಾಗ ಮೊದಲ ತುಳಿತಕ್ಕೆ ಪೆಡಲ್ ನೆಲ ಮುಟ್ಟುತ್ತದೆ. ಪೂರ್ತಿ ತಣ್ಣಗಾದರೆ ಆವಿ ಮತ್ತೆ ದ್ರವವಾಗಿ ಎಲ್ಲ ಸರಿಯಾದಂತೆ ಕಾಣುತ್ತದೆ. ಮರುದಿನ ಗ್ಯಾರೇಜಿನಲ್ಲಿ ಯಾವ ದೋಷವೂ ಸಿಗದೆ, ಅದೇ ಆಯಿಲಿನೊಂದಿಗೆ ಕಾರು ಮುಂದಿನ ಘಾಟಿಗೆ ಹೊರಡುತ್ತದೆ. ತಣ್ಣಗಾಗಿ ಸರಿಹೋಯಿತು ಎಂದು ಚಾಲಕ ಹೇಳಿದ ಕೂಡಲೇ ಆಯಿಲನ್ನು ಪೂರ್ತಿ ಬದಲಾಯಿಸಬೇಕು. ಘಾಟಿಯಲ್ಲಿ ಪೆಡಲ್ ಗಟ್ಟಿಯಾಗಿಯೇ ಇದ್ದು ಕಾರು ಮಾತ್ರ ನಿಲ್ಲದಿದ್ದರೆ ಅದು ಆವಿಯ ಕೆಲಸವಲ್ಲ, ಬ್ರೇಕ್ ಶೂಗಳ ಕಾದ ಲೈನಿಂಗ್ ಹಿಡಿತ ಕಳೆದುಕೊಂಡದ್ದು.

ಘಾಟಿಯಿಲ್ಲದ ಸಮತಟ್ಟು ರಸ್ತೆಯಲ್ಲೂ ಆಯಿಲ್ ಕುದಿಯುವುದುಂಟು. ಪೆಡಲ್ ಬಿಟ್ಟಾಗ ಮಾಸ್ಟರ್ ಸಿಲಿಂಡರಿನಲ್ಲಿ ಒಂದು ಅತಿ ಸಣ್ಣ ರಂಧ್ರ ತೆರೆದುಕೊಂಡು, ಬಿಸಿಗೆ ಹಿಗ್ಗಿದ ಆಯಿಲ್ ಡಬ್ಬಿಗೆ ಮರಳಲು ದಾರಿ ಕೊಡುತ್ತದೆ. ಪೆಡಲಿಗೆ ಒಂದಿಷ್ಟು ಸಡಿಲ ಓಡಾಟ ಬಿಡದೆ ಬಿಗಿ ಮಾಡಿದರೆ, ಅಥವಾ ಯಾರೋ ಎಂಜಿನ್ ಆಯಿಲ್ ಸುರಿದು ವಾಷರ್ ಊದಿಕೊಂಡರೆ, ಆ ರಂಧ್ರ ಮುಚ್ಚಿಯೇ ಇರುತ್ತದೆ. ಬ್ರೇಕ್ ತಾನಾಗಿ ಹಿಡಿಯುತ್ತದೆ, ಹಿಡಿದಷ್ಟೂ ಕಾಯುತ್ತದೆ, ಕಾದಷ್ಟೂ ಇನ್ನೂ ಬಿಗಿಯುತ್ತದೆ. ಜಾಮ್ ಆದ ಚಕ್ರದ ನಿಪ್ಪಲ್ ಸಡಿಲಿಸಿದಾಗ ಆಯಿಲ್ ಚಿಮ್ಮಿ ಚಕ್ರ ಬಿಡುಗಡೆಯಾದರೆ ಒತ್ತಡ ಸಿಕ್ಕಿಬಿದ್ದಿತ್ತು ಎಂದರ್ಥ. ಒಂದೇ ಚಕ್ರ ಹೀಗಾದರೆ ಅದರ ಹೋಸ್ ಒಳಗೇ ಊದಿ ಮುಚ್ಚಿಕೊಂಡಿರಬಹುದು. ಎಂಜಿನ್ ಆಯಿಲ್ ಬೆರೆತ ಅನುಮಾನವಿದ್ದರೆ ಡಬ್ಬಿಯಿಂದ ಕೆಲವು ಹನಿ ತೆಗೆದು ಗ್ಲಾಸಿನ ನೀರಿಗೆ ಬಿಡಿ. ಗ್ಲೈಕಾಲ್ ಆಯಿಲ್ ನೀರಿನಲ್ಲಿ ಬೆರೆಯುತ್ತದೆ, ಎಂಜಿನ್ ಆಯಿಲ್ ಮೇಲೆ ತೇಲುತ್ತದೆ. ತೇಲಿದರೆ ಜಾಲದ ಒಂದೊಂದು ರಬ್ಬರನ್ನೂ ಬದಲಾಯಿಸಬೇಕು, ಬೇರೆ ದಾರಿಯಿಲ್ಲ.

ರಿಪೇರಿ ಮುಗಿದ ಮೇಲೆ ಡಬ್ಬಿಯ ಮುಚ್ಚಳ ತೆಗೆದು, ಕಣ್ಣಿಗೆ ಸಿಡಿಯದಷ್ಟು ದೂರದಿಂದ ನೋಡುತ್ತ, ಪೆಡಲನ್ನು ಕೈಯಿಂದ ಮೆಲ್ಲಗೆ ಒಂದಿಷ್ಟೇ ಒತ್ತಿಸಿ. ಒತ್ತಿದ ಮೊದಲ ಕ್ಷಣ ಆಯಿಲಿನ ಮೇಲ್ಮೈಯಲ್ಲಿ ಪುಟ್ಟ ಬುಗ್ಗೆ ಏಳಬೇಕು. ಎದ್ದರೆ ಆ ಸಣ್ಣ ರಂಧ್ರ ತೆರೆದಿದೆ. ಏಳದಿದ್ದರೆ ಪೆಡಲ್ ಎಷ್ಟೇ ಗಟ್ಟಿಯಾಗಿದ್ದರೂ ಕಾರನ್ನು ಗ್ಯಾರೇಜಿನಿಂದ ಹೊರಗೆ ಬಿಡಬಾರದು.