ಕೋಠಿಯ ದೆವ್ವಕ್ಕೂ ಒಂದು ಹೆಸರಿತ್ತು

ಊರೆಂದ ಮೇಲೆ ದೆವ್ವವೂ ಇರಲೇಬೇಕು. ನಮ್ಮ ಕಡೇಚೂರಿನಲ್ಲೂ ಹುಣಸೆಮರಕ್ಕೊಂದು, ಹಾಳುಬಾವಿಗೊಂದು ಅಂತ ನಾವು ಚಿಕ್ಕವರಿದ್ದಾಗ ಎಣಿಸಿ ಹಂಚಿಕೊಟ್ಟಿದ್ದೆವು. ಈಚೆಗೆ ನಮ್ಮ ಮನೆಗೆ ಹೈದರಾಬಾದಿನಿಂದ ಹೊಸದೊಂದು ದೆವ್ವ ಬಂತು. ತಂದವಳು ಅಲ್ಲಿನ ಕೋಠಿ ಮಹಿಳಾ ಕಾಲೇಜಿನಲ್ಲಿ ಓದುವ ನನ್ನ ಮೊಮ್ಮಗಳು.

"ಮುತ್ಯಾ, ನಮ್ಮ ಕಾಲೇಜಿನ್ಯಾಗ ಒಂದು ಹಳೇ ಬಂಗ್ಲೆ ಅದ. ಕತ್ತಲಾದ ಮ್ಯಾಲ ಅಲ್ಲಿ ಒಬ್ಬಾಕಿ ಅಡ್ಡಾಡ್ತಾಳಂತ. ಗೆಜ್ಜಿ ಸಪ್ಪಳ ಕೇಳ್ತದಂತ!"

"ನೀ ಕೇಳೀಯೇನವಾ?"

"ನಾ ಕೇಳಿಲ್ಲ. ಸೀನಿಯರ್ ಅಕ್ಕಗೋಳು ಹೇಳ್ತಾರ."

ದೆವ್ವದ ಕತೆಯ ಲಕ್ಷಣವೇ ಇದು, ಮಕ್ಕಳೇ. ನೋಡಿದವರು, ಕೇಳಿದವರು ಯಾವಾಗಲೂ ಬೇರೆಯವರು.

ಆ ಬಂಗಲೆ ಅಂತಿಂಥದ್ದಲ್ಲ. ಅದು ನಿಜಾಮರ ಕಾಲದ ಬ್ರಿಟಿಷ್ ರೆಸಿಡೆನ್ಸಿ. ಜೇಮ್ಸ್ ಅಕಿಲಿಸ್ ಕರ್ಕ್‌ಪ್ಯಾಟ್ರಿಕ್ ಎಂಬ ರೆಸಿಡೆಂಟ್ 1803ರ ಸುಮಾರಿಗೆ ಕಟ್ಟಿಸಲು ಶುರುಮಾಡಿದ. ಖರ್ಚು ನಿಜಾಮರದು, ನಕ್ಷೆ ಸ್ಯಾಮ್ಯುಯೆಲ್ ರಸೆಲ್ ಎಂಬ ಎಂಜಿನಿಯರನದು. ಎತ್ತರದ ಕಂಬಗಳು, ಅಗಲವಾದ ಮೆಟ್ಟಿಲು, ಎರಡೂ ಬದಿಗೆ ಕಲ್ಲಿನ ಸಿಂಹ. ಬ್ರಿಟಿಷರು ಹೋದ ಮೇಲೆ 1949ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯದ ಮಹಿಳಾ ಕಾಲೇಜು ಅಲ್ಲಿಗೆ ಬಂತು. 2022ರಲ್ಲಿ ಆ ಕಾಲೇಜೇ ಮಹಿಳಾ ವಿಶ್ವವಿದ್ಯಾಲಯವಾಯಿತು.

ನಮಗೂ ಆ ಬಂಗಲೆಗೂ ಹಳೆಯ ನಂಟಿದೆ. 1956ರವರೆಗೆ ನಮ್ಮ ಸೀಮೆ ಹೈದರಾಬಾದ್ ರಾಜ್ಯದಲ್ಲೇ ಇತ್ತು. 1857ರ ಜುಲೈ 17ರಂದು ತುರ್ರೇಬಾಜ್ ಖಾನ್ ಮತ್ತು ಮೌಲ್ವಿ ಅಲ್ಲಾವುದ್ದೀನ್ ಜನರನ್ನು ಕಟ್ಟಿಕೊಂಡು ಈ ರೆಸಿಡೆನ್ಸಿಯ ಮೇಲೇ ಏರಿಹೋದರು. ಮರುವರ್ಷ ಸುರಪುರದ ದೊರೆ ರಾಜಾ ವೆಂಕಟಪ್ಪ ನಾಯಕರು ಬ್ರಿಟಿಷರ ವಿರುದ್ಧ ಎದ್ದರು. ಹೈದರಾಬಾದಿನಲ್ಲಿ ಸೆರೆಸಿಕ್ಕ ಆ ಹರೆಯದ ದೊರೆಯನ್ನು ದಿವಾನ ಸಾಲಾರ್ ಜಂಗ್ ಒಪ್ಪಿಸಿದ್ದು ಅಲ್ಲಿನ ರೆಸಿಡೆಂಟನಿಗೆ.

"ಅದಿರಲಿ ಮುತ್ಯಾ, ಗೆಜ್ಜಿ ಸಪ್ಪಳ?" ಅಂದಳು ಮೊಮ್ಮಗಳು.

ಹಗಲಿನ ಬಿಸಿಲಿಗೆ ಹಳೆಯ ತೊಲೆ, ಬಾಗಿಲು, ಕಿಟಕಿ ಹಿಗ್ಗುತ್ತವೆ. ರಾತ್ರಿ ತಣ್ಣಗಾದಾಗ ಕುಗ್ಗುತ್ತವೆ. ಆಗ ಟಕ್, ಕಿರ್ರ್ ಎಂಬ ಸದ್ದು. ಮಾಳಿಗೆಯಲ್ಲಿ ಬಾವಲಿ, ಗೂಗೆ ಇದ್ದರಂತೂ ಕೇಳುವುದೇ ಬೇಡ. ಖಾಲಿ ಹಾಲ್‌ನಲ್ಲಿ ಸಣ್ಣ ಸದ್ದೂ ಗೋಡೆಗೆ ಬಡಿದು ದೊಡ್ಡದಾಗುತ್ತದೆ. ಉಳಿದದ್ದನ್ನು ನಮ್ಮ ಅಂಜಿಕೆ ಸೇರಿಸುತ್ತದೆ.

ಸದ್ದು ಸುಳ್ಳಾದರೂ ಆ ಮನೆಯಲ್ಲಿ ಒಬ್ಬ ಹೆಣ್ಣುಮಗಳಿದ್ದದ್ದು ನಿಜ. ಅವಳ ಹೆಸರು ಖೈರುನ್ನೀಸಾ. ಹೈದರಾಬಾದಿನ ದೊಡ್ಡ ಮನೆತನದವಳು, ಕರ್ಕ್‌ಪ್ಯಾಟ್ರಿಕ್‌ನನ್ನು ಮದುವೆಯಾದವಳು. ಅವಳಿಗಾಗಿ ಹಿಂಬದಿಯಲ್ಲಿ ರಂಗಮಹಲ್ ಎಂಬ ಜನಾನಾ ಇತ್ತು. ಪರದೆಯಲ್ಲಿದ್ದ ಅವಳು ಮುಂದೆ ಹೋಗಿ ಬಂಗಲೆ ನೋಡುವಂತಿರಲಿಲ್ಲ, ಅದಕ್ಕೇ ಅದರ ಪುಟ್ಟ ಮಾದರಿಯೊಂದನ್ನು ಗಂಡ ತೋಟದಲ್ಲಿ ಕಟ್ಟಿಸಿಕೊಟ್ಟ ಎನ್ನುತ್ತಾರೆ. ಗೊಂಬೆಮನೆಯಂಥ ಆ ಮಾದರಿ ಈಗಲೂ ಇದೆ. ರಂಗಮಹಲನ್ನು ಮಾತ್ರ 1860ರಲ್ಲಿ ಕೆಡವಿದರು.

ಅವರಿಗೆ ಇಬ್ಬರು ಮಕ್ಕಳು: ಸಾಹಿಬ್ ಆಲಂ, ಸಾಹಿಬ್ ಬೇಗಂ. 1805ರಲ್ಲಿ ಇಬ್ಬರನ್ನೂ ಓದಲೆಂದು ಇಂಗ್ಲೆಂಡಿಗೆ ಹಡಗು ಹತ್ತಿಸಿದರು. ಅಣ್ಣನಿಗೆ ನಾಲ್ಕು ವರ್ಷ, ತಂಗಿಗೆ ಮೂರು. ಹೊರಡುವ ಮುಂಚೆ ಮದ್ರಾಸಿನಲ್ಲಿ ಜಾರ್ಜ್ ಚಿನ್ನರಿ ಎಂಬ ಚಿತ್ರಕಾರ ಅವರ ಚಿತ್ರ ಬರೆದ. ಜರಿಯ ಉಡುಪು ತೊಟ್ಟ ಎರಡು ಕೂಸುಗಳು ಇವತ್ತಿಗೂ ಆ ಚಿತ್ರದಲ್ಲಿ ನಿಂತಿವೆ. ಅದೇ ವರ್ಷ ಅಕ್ಟೋಬರಿನಲ್ಲಿ ತಂದೆ ಕಲ್ಕತ್ತದಲ್ಲಿ ತೀರಿಕೊಂಡ. ತಾಯಿ ಮಕ್ಕಳ ಮುಖ ಮತ್ತೆ ನೋಡಲೇ ಇಲ್ಲ. 1813ರಲ್ಲಿ ಅವಳು ತೀರಿಕೊಂಡಾಗ ವಯಸ್ಸು ಬರೀ ಇಪ್ಪತ್ತೇಳು.

ಅಲ್ಲಿ ಆ ಮಗಳು ಕಿಟ್ಟಿ ಕರ್ಕ್‌ಪ್ಯಾಟ್ರಿಕ್ ಆಗಿ ಬೆಳೆದಳು, ಇಂಗ್ಲಿಷರವಳೇ ಆದಳು. ಸುಮಾರು ಮೂವತ್ತಾರು ವರ್ಷವಾದ ಮೇಲೆ, 1841ರಲ್ಲಿ, ಹೈದರಾಬಾದಿನ ಅಜ್ಜಿ ಶರಫುನ್ನೀಸಾ ಇನ್ನೂ ಬದುಕಿದ್ದಾಳೆಂದು ತಿಳಿದು ಪತ್ರ ಬರೆದಳು. ಅಜ್ಜಿ ಪಾರಸಿಯಲ್ಲಿ, ಮೊಮ್ಮಗಳು ಇಂಗ್ಲಿಷಿನಲ್ಲಿ. ನಡುವೆ ಸಮುದ್ರ. ಓದಿ ಹೇಳುವುದಕ್ಕೂ ಬೇರೆಯವರು ಬೇಕು. ಆದರೂ ಸುಮಾರು ಆರು ವರ್ಷ ಪತ್ರ ನಡೆದವು. ಭೇಟಿ ಮಾತ್ರ ಆಗಲಿಲ್ಲ.

ಇದನ್ನೆಲ್ಲ ಹೇಳುವಷ್ಟರಲ್ಲಿ ನಮ್ಮ ಹುಡುಗಿ ದೆವ್ವದ ಮಾತು ಬಿಟ್ಟಿದ್ದಳು. "ಪಾಪ, ಆಕಿಗಿ ಯಾಕ ಅಂಜಬೇಕು ಮುತ್ಯಾ?" ಅಂದಳು.

ಜನ ಇರುವ ಮನೆಗೆ ದೆವ್ವದ ಕತೆ ಹುಟ್ಟುವುದಿಲ್ಲ. ದೀಪ ಹಚ್ಚುವವರು ಬಿಟ್ಟುಹೋದ ಮೇಲೆ, ಹೆಸರು ಹೇಳುವವರು ಇಲ್ಲವಾದ ಮೇಲೆ ಹುಟ್ಟುತ್ತದೆ. ಕೋಠಿಯ ಬಂಗಲೆಯೂ ಬಹಳ ಕಾಲ ಉದುರುತ್ತ ನಿಂತಿತ್ತು. 2002ರಲ್ಲಿ ಅದು ಜಗತ್ತಿನ ಅಪಾಯದಲ್ಲಿರುವ ಸ್ಮಾರಕಗಳ ಪಟ್ಟಿ ಸೇರಿತು. ವರ್ಷಗಟ್ಟಲೆ ರಿಪೇರಿ ನಡೆದು, 2023ರಲ್ಲಿ ಜನರಿಗೆ ಮತ್ತೆ ಬಾಗಿಲು ತೆರೆಯಿತು.

ನಮ್ಮ ಕಡೆ ಇಂಥ ಬಾಗಿಲುಗಳು ಎಷ್ಟೋ ಇವೆ. ಬೀಗ ಹಾಕಿದ ವಾಡೆ, ಮಾಳಿಗೆ ಬಿದ್ದ ಹಳೆ ಸಾಲಿ, ಮುಳ್ಳುಕಂಟಿ ಮುಚ್ಚಿದ ಬುರುಜು. ಅಜ್ಜ ಅಜ್ಜಿಯರೇ, ಮೊಮ್ಮಕ್ಕಳಿಗೆ "ಅಲ್ಲಿ ಹೋಗಬ್ಯಾಡ, ದೆವ್ವ ಅದ" ಅನ್ನಬೇಡಿ. ಹಾವು ಇದೆ, ಗೋಡೆ ಬೀಳುತ್ತದೆ ಎಂದು ನಿಜವನ್ನೇ ಹೇಳಿ. ಜೊತೆಗೆ ಅಲ್ಲಿ ಯಾರಿದ್ದರೆಂದೂ ಹೇಳಿ. ಮಕ್ಕಳೇ, ನೀವು ಬಿಡದೆ ಕೇಳಿ: ಆ ಮನೆ ಕಟ್ಟಿಸಿದವರು ಯಾರು, ಅಲ್ಲಿ ಆಡಿ ಬೆಳೆದವರು ಯಾರು, ಎಲ್ಲಿಗೆ ಹೋದರು? ಒಂದು ಹೆಸರು ಸಿಕ್ಕರೂ ಸಾಕು, ನೋಟ್‌ಬುಕ್ಕಿನಲ್ಲಿ ಬರೆದಿಡಿ.