ಟಿಎಂವಿ-2 ಕಡಲೆಕಾಯಿಯ ಆಳ್ವಿಕೆ ಮುಗಿಯುತ್ತಿದೆಯೇ?

ತುಮಕೂರು ಜಿಲ್ಲೆಯ ಪಾವಗಡ, ಶಿರಾ, ಮಧುಗಿರಿ ಮತ್ತು ಕೊರಟಗೆರೆ ತಾಲ್ಲೂಕುಗಳಲ್ಲಿ ಕಡಲೆಕಾಯಿ ಎಂದರೆ ದಶಕಗಳ ಕಾಲ ಬಹುಮಟ್ಟಿಗೆ ಒಂದೇ ತಳಿ ಎಂಬ ಅರ್ಥವಿತ್ತು. ಅದು ಟಿಎಂವಿ-2. ಉತ್ತರ ಕರ್ನಾಟಕದವರು ಶೇಂಗಾ ಎಂದು ಕರೆಯುವ ಈ ಬೆಳೆಯ ಇತಿಹಾಸದಲ್ಲಿ ಇಷ್ಟು ದೀರ್ಘಕಾಲ ರೈತರ ವಿಶ್ವಾಸ ಉಳಿಸಿಕೊಂಡ ತಳಿಗಳು ವಿರಳ. ಈಗ ಅದರ ಹೊಲಗಳಿಗೆ ನೆರೆಯ ಆಂಧ್ರಪ್ರದೇಶದ ಕದಿರಿಯಲ್ಲಿ ಹುಟ್ಟಿದ ತಳಿಗಳು ಕಾಲಿಟ್ಟಿವೆ. ಹಳೆಯ ತಳಿ ನಿಜಕ್ಕೂ ಸೋಲುತ್ತಿದೆಯೇ? ಸೋಲುತ್ತಿದ್ದರೆ ಅದಕ್ಕೆ ಇಷ್ಟು ಕಾಲ ಏಕೆ ಬೇಕಾಯಿತು?

ತಿಂಡಿವನದಿಂದ ಬಂದ ತಳಿ

ಟಿಎಂವಿ ಎಂಬ ಮೂರಕ್ಷರ ಸೂಚಿಸುವುದು ತಮಿಳುನಾಡಿನ ತಿಂಡಿವನವನ್ನು. ಅಲ್ಲಿನ ಎಣ್ಣೆಕಾಳು ಸಂಶೋಧನಾ ಕೇಂದ್ರವು ಗುಡಿಯಾತ್ತಂ ಗೊಂಚಲು ಕಡಲೆಯಿಂದ ಉತ್ತಮ ಗಿಡಗಳನ್ನು ಆರಿಸಿ ಈ ತಳಿಯನ್ನು ರೂಪಿಸಿತು. ಬಿಡುಗಡೆಯಾದದ್ದು 1940ರಲ್ಲಿ. ಅಂದರೆ ದೇಶ ಸ್ವತಂತ್ರವಾಗುವುದಕ್ಕೆ 7 ವರ್ಷ ಮೊದಲೇ ಬಂದ ತಳಿಯೊಂದು 21ನೇ ಶತಮಾನದಲ್ಲಿಯೂ ಬಿತ್ತನೆಯಾಗುತ್ತ ಬಂದಿದೆ.

ಈ ದೀರ್ಘಾಯುಷ್ಯಕ್ಕೆ ಕಾರಣಗಳಿವೆ. ನಾಲ್ಕೂ ತಾಲ್ಲೂಕುಗಳು ರಾಜ್ಯದ ಮಧ್ಯ ಒಣ ವಲಯಕ್ಕೆ ಸೇರಿವೆ. ನೆಲ ಕೆಂಪು ಮರಳುಮಿಶ್ರಿತ, ಮಳೆ ಕಡಿಮೆ, ಅದೂ ಹೇಳಿದ ಹೊತ್ತಿಗೆ ಬಾರದು. ಟಿಎಂವಿ-2 ಸುಮಾರು 100ರಿಂದ 105 ದಿನಗಳಲ್ಲಿ ಕೊಯ್ಲಿಗೆ ಬರುತ್ತದೆ. ಹಬ್ಬದೆ ನೆಟ್ಟಗೆ ಬೆಳೆಯುವ ಗೊಂಚಲು ತಳಿಯಾದ್ದರಿಂದ ಕಾಯಿಗಳು ಬುಡದಲ್ಲಿಯೇ ಗುಂಪಾಗಿ ಕೂರುತ್ತವೆ. ನೆಲದಲ್ಲಿ ಹದವಿದ್ದರೆ ಗಿಡ ಹಿಡಿದು ಕಿತ್ತರೆ ಸಾಕು, ಬೆಳೆ ಕೈಗೆ ಬರುತ್ತದೆ. ನಡುವೆ ತೊಗರಿಯ ಅಕ್ಕಡಿ ಸಾಲು ಇಡಲೂ ಅಡ್ಡಿಯಿಲ್ಲ.

ಮಾರುಕಟ್ಟೆಯ ದೃಷ್ಟಿಯಿಂದಲೂ ಅದಕ್ಕೆ ಮರ್ಯಾದೆಯಿದೆ. ಕಾಯಿಯ ಸಿಪ್ಪೆ ತೆಳು. ಸುಲಿದಾಗ ತೂಕದ ಸುಮಾರು ಮುಕ್ಕಾಲು ಪಾಲು ಬೀಜ ಸಿಗುತ್ತದೆ. ಬೀಜ ಚಿಕ್ಕದಾದರೂ ಅದರ ತೂಕದ ಅರ್ಧಕ್ಕೆ ಸಮೀಪದಷ್ಟು ಎಣ್ಣೆಯಿದೆ. ಎಣ್ಣೆ ಗಿರಣಿಗಳಿಗೆ ಹೆಸರಾದ ಚಳ್ಳಕೆರೆ ಈ ಸೀಮೆಗೆ ಹತ್ತಿರದಲ್ಲಿಯೇ ಇದೆ. ಗಿರಣಿಯವರಿಗೆ ಬೇಕಾದ ಗುಣ ಯಾವ ತಳಿಯಲ್ಲಿದೆಯೋ ಅದನ್ನೇ ರೈತರು ಬಿತ್ತುವುದು ಸಹಜ.

ಎಲೆ ಉದುರಿದರೆ ಕಾಯಿ ಎಲ್ಲಿ?

ಹಳೆಯ ತಳಿಯ ದೌರ್ಬಲ್ಯವೂ ಹಳೆಯದೇ. ಟಿಕ್ಕಾ ಎಂದು ಹೆಸರಾದ ಎಲೆಚುಕ್ಕೆ ರೋಗ ಮತ್ತು ತುಕ್ಕು ರೋಗವನ್ನು ತಡೆಯುವ ಶಕ್ತಿ ಟಿಎಂವಿ-2ಕ್ಕೆ ಇಲ್ಲ. ಕಾಯಿ ಬಲಿಯುವ ಹೊತ್ತಿಗೆ ಮೋಡ ಮುಸುಕಿ ತುಂತುರು ಹಿಡಿದರೆ ಎಲೆಗಳು ಕಪ್ಪು ಚುಕ್ಕೆಯಾಗಿ ಉದುರುತ್ತವೆ. ಇಳುವರಿ ಕುಸಿಯುವುದಲ್ಲದೆ ದನಕರುಗಳಿಗೆ ಮೇವಾಗಬೇಕಾದ ಬಳ್ಳಿಯೂ ಬರೀ ಕಡ್ಡಿಯಾಗುತ್ತದೆ. ಹೈನುಗಾರಿಕೆಯನ್ನು ನೆಚ್ಚಿರುವ ಒಣಭೂಮಿ ಕುಟುಂಬಕ್ಕೆ ಇದು ಎರಡು ಪೆಟ್ಟು.

ಇನ್ನೊಂದು ತೊಡಕೆಂದರೆ ಬೀಜಕ್ಕೆ ಸುಪ್ತಾವಸ್ಥೆ ಇಲ್ಲದಿರುವುದು. ಕೊಯ್ಲಿನ ಹೊತ್ತಿಗೆ ಮಳೆ ಹಿಡಿದರೆ ಕಾಯಿ ಮಣ್ಣಿನಲ್ಲಿಯೇ ಮೊಳೆಯುತ್ತದೆ.

ಪಾವಗಡದ ಗಡಿಯಾಚೆಗಿನ ಅನಂತಪುರದಲ್ಲಿ 2000ನೇ ಇಸವಿಯಲ್ಲಿ ನಡೆದದ್ದು ಇಡೀ ಸೀಮೆಗೆ ಎಚ್ಚರಿಕೆಯಾಗಿತ್ತು. ಕಾಂಡ ಕರಗಿ ಕುಡಿ ಸಾಯುವ ನಂಜುರೋಗ ಆ ವರ್ಷ ಸುಮಾರು 2.25 ಲಕ್ಷ ಹೆಕ್ಟೇರ್ ಕಡಲೆಕಾಯಿಯನ್ನು ಬಾಧಿಸಿತು. ನಷ್ಟ 300 ಕೋಟಿ ರೂಪಾಯಿಗೂ ಹೆಚ್ಚೆಂದು ಅಂದಾಜಿಸಲಾಯಿತು. ಪಾರ್ಥೇನಿಯಂ ಕಳೆಯ ಪರಾಗ ಮತ್ತು ಥ್ರಿಪ್ಸ್ ನುಸಿಯ ಮೂಲಕ ಹರಡುವ ಆ ನಂಜಿಗೆ ಅಲ್ಲಿ ವ್ಯಾಪಕವಾಗಿದ್ದ ಟಿಎಂವಿ-2 ಸುಲಭ ತುತ್ತಾಯಿತು. ಮೈಲುಗಟ್ಟಲೆ ಒಂದೇ ತಳಿ ಬಿತ್ತಿದರೆ ಆಗುವ ಅಪಾಯವನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಉದಾಹರಣೆ ಈ ಭಾಗದಲ್ಲಿ ಬೇರೊಂದಿಲ್ಲ.

ಸ್ಪರ್ಧಿಗಳು ಯಾರು?

ಪ್ರತಿಸ್ಪರ್ಧಿಗಳಿಗೆ ಕೊರತೆಯಿರಲಿಲ್ಲ. ಮಹಾರಾಷ್ಟ್ರದ ಜಳಗಾಂವ್‌ನಿಂದ 1970ರ ದಶಕದ ಕೊನೆಯಲ್ಲಿ ಜೆಎಲ್-24 ಬಂತು. ಧಾರವಾಡ ಕೃಷಿ ವಿಶ್ವವಿದ್ಯಾಲಯ 2000ರ ದಶಕದಲ್ಲಿ ಜಿಪಿಬಿಡಿ-4 ತಳಿಯನ್ನು ನೀಡಿತು. ಎಲೆಚುಕ್ಕೆ ಮತ್ತು ತುಕ್ಕು ಎರಡನ್ನೂ ತಡೆಯಬಲ್ಲ ಈ ತಳಿ ಕೊಯ್ಲಿನವರೆಗೂ ಹಸಿರಾಗಿರುತ್ತದೆ. ಚಿಂತಾಮಣಿಯ ಸಂಶೋಧನಾ ಕೇಂದ್ರದಿಂದ ಕೆಸಿಜಿ-2, ಕೆಸಿಜಿ-6 ಬಂದವು. ಹೈದರಾಬಾದ್ ಸಮೀಪದ ಇಕ್ರಿಸ್ಯಾಟ್ ಸಂಸ್ಥೆಯು ಐಸಿಜಿವಿ 91114 ತಳಿಯನ್ನು ಅನಂತಪುರದ ರೈತರ ಹೊಲಗಳಲ್ಲಿಯೇ ಪರೀಕ್ಷಿಸಿ ಪರಿಚಯಿಸಿತು.

ಆದರೆ ಟಿಎಂವಿ-2ರ ಸ್ಥಾನಕ್ಕೆ ನಿಜವಾಗಿ ಕೈಯಿಟ್ಟದ್ದು ಕದಿರಿ-6. ಕೆ-6 ಎಂದೇ ಹೆಸರಾದ ಇದು 2000ರ ದಶಕದಲ್ಲಿ ಬಂದ ತಳಿ. ಅವಧಿ ಟಿಎಂವಿ-2ರಷ್ಟೇ, ಗಿಡದ ರೂಪವೂ ಹೆಚ್ಚುಕಡಿಮೆ ಅಂಥದೇ, ಇಳುವರಿ ಮಾತ್ರ ಹೆಚ್ಚು. ರೈತ ತನ್ನ ಬೇಸಾಯ ಕ್ರಮವನ್ನು ಬದಲಿಸಬೇಕಾಗಲಿಲ್ಲ; ಬೀಜ ಬದಲಿಸಿದರೆ ಸಾಕಾಯಿತು. 2010ರ ದಶಕದಲ್ಲಿ ದೇಶದ ತಳಿವರ್ಧಕ ಬೀಜದ ಬೇಡಿಕೆಯಲ್ಲಿಯೂ ಕೆ-6 ಮುಂಚೂಣಿಯಲ್ಲಿತ್ತು.

ಅದರ ಬೆನ್ನಿಗೇ 2020ರ ಆಸುಪಾಸಿನಲ್ಲಿ ಕದಿರಿ ಲೇಪಾಕ್ಷಿ ಬಂತು. ಸಂಖ್ಯೆಯಲ್ಲಿ ಕೆ-1812. ಬರ ತಡೆಯುವ ಗುಣ ಮತ್ತು ಗಿಡಕ್ಕೆ ಕಟ್ಟುವ ಕಾಯಿಗಳ ಸಂಖ್ಯೆಯಿಂದ ಅದು ಬೇಗ ಹೆಸರು ಮಾಡಿತು. ಆದರೆ ಅದರ ಅವಧಿ ಟಿಎಂವಿ-2ಕ್ಕಿಂತ ದೀರ್ಘ. ಸಿಪ್ಪೆ ದಪ್ಪ, ಸುಲಿದರೆ ಬೀಜದ ಪಾಲು ಕಡಿಮೆ ಎಂಬ ತಕರಾರು ವರ್ತಕರಿಂದ ಬಂತು. ಹೊಲದಲ್ಲಿ ಗೆದ್ದ ತಳಿ ತಕ್ಕಡಿಯಲ್ಲಿಯೂ ಗೆಲ್ಲಬೇಕೆಂಬ ನಿಯಮವೇನೂ ಇಲ್ಲ.

ಬೀಜದ ಲೆಕ್ಕ

ಹೊಸ ತಳಿ ಉತ್ತಮವೆಂದು ಗೊತ್ತಾದ ಮೇಲೂ ಅದು ಹೊಲ ತಲುಪಲು ವರ್ಷಗಳೇ ಬೇಕಾಗುವುದೇಕೆ? ಉತ್ತರ ಬೀಜದ ಲೆಕ್ಕದಲ್ಲಿದೆ.

ಒಂದು ಎಕರೆ ರಾಗಿಗೆ ನಾಲ್ಕೈದು ಕೆ.ಜಿ. ಬೀಜ ಸಾಕು, ಅದು ನೂರು ಪಟ್ಟಾಗಿ ಮರಳಬಹುದು. ಕಡಲೆಕಾಯಿಗೆ ಎಕರೆಗೆ ಸುಲಿದ ಬೀಜವೇ 40ರಿಂದ 50 ಕೆ.ಜಿ. ಬೇಕು. ಬಿತ್ತಿದ್ದು ಮಳೆಯಾಶ್ರಯದಲ್ಲಿ ಎಂಟು ಪಟ್ಟಾದರೆ ಒಳ್ಳೆಯ ವರ್ಷವೆಂದೇ ಹೇಳಬೇಕು. ಈ ಲೆಕ್ಕದಂತೆ 10 ಸಾವಿರ ಎಕರೆಗೆ ಬೇಕಾಗುವ ಬೀಜ 4 ಸಾವಿರದಿಂದ 5 ಸಾವಿರ ಕ್ವಿಂಟಲ್. ಹೊಸ ತಳಿಯ 5 ಕ್ವಿಂಟಲ್ ಬೀಜದಿಂದ ಆರಂಭಿಸಿದರೆ ಮೊದಲ ಬೆಳೆಗೆ 40, ಎರಡನೆಯದಕ್ಕೆ 320, ಮೂರನೆಯದಕ್ಕೆ 2,560 ಕ್ವಿಂಟಲ್ ಆಗುತ್ತದೆ. ಒಂದು ಕಾಳನ್ನೂ ಮಾರದೆ, ತಿನ್ನದೆ, ಬರಕ್ಕೂ ಕಳೆದುಕೊಳ್ಳದೆ ಉಳಿಸಿದರೂ ನಾಲ್ಕನೆಯ ಬೆಳೆಯವರೆಗೆ ಕಾಯಬೇಕು. ಹೀಗಾಗಿ ಖಾಸಗಿ ಬೀಜ ಕಂಪನಿಗಳಿಗೂ ಕಡಲೆಕಾಯಿ ಲಾಭದ ಸರಕಲ್ಲ. ಸ್ವಪರಾಗಸ್ಪರ್ಶದ ಬೆಳೆಯಾದ್ದರಿಂದ ರೈತ ಒಮ್ಮೆ ಕೊಂಡರೆ ಮತ್ತೆ ಮನೆಯ ಬೀಜವನ್ನೇ ಬಿತ್ತಬಲ್ಲ.

ಟಿಎಂವಿ-2 ಉಳಿದದ್ದು ಈ ಮನೆಬೀಜದ ಬಲದಿಂದ. ತನ್ನ ಹೊಲದಲ್ಲಿ ಬೆಳೆದದ್ದರಲ್ಲಿ ಬಲಿತ ಕಾಯಿ ಆರಿಸಿ, ಒಣಗಿಸಿ, ಮುಂದಿನ ಮುಂಗಾರಿಗೆ ತೆಗೆದಿಡುವ ರೈತನಿಗೆ ಬೀಜಕ್ಕಾಗಿ ಸಾಲ ಮಾಡುವ ಅಗತ್ಯವಿಲ್ಲ. ಇದಕ್ಕೆ ಕಾನೂನಿನ ಆಸರೆಯೂ ಇದೆ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯು ಬೀಜ ಉಳಿಸಿಕೊಳ್ಳುವ, ವಿನಿಮಯ ಮಾಡುವ, ಹೆಸರಿನ ಮುದ್ರೆಯಿಲ್ಲದೆ ಮಾರುವ ಹಕ್ಕನ್ನು ರೈತರಿಗೆ ನೀಡಿದೆ.

ಬರ ಬಂದಾಗ ತಳಿ ಬದಲು

ಈ ಸರಪಳಿ ತುಂಡಾಗುವುದು ಬರಗಾಲದಲ್ಲಿ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಘೋಷಿಸಲಾಗಿತ್ತು. ಬೆಳೆ ಕೈಕೊಟ್ಟ ವರ್ಷ ಬೀಜವೂ ಉಳಿಯುವುದಿಲ್ಲ; ಉಳಿದದ್ದು ಸಂಸಾರದ ಖರ್ಚಿಗೆ ಮಾರಾಟವಾಗುತ್ತದೆ. ಮರುವರ್ಷ ರೈತ ಸಂಪರ್ಕ ಕೇಂದ್ರದಲ್ಲಿ ರಿಯಾಯಿತಿ ದರಕ್ಕೆ ಯಾವ ತಳಿ ಸಿಗುವುದೋ ಅದೇ ಹೊಲಕ್ಕೆ ಬೀಳುತ್ತದೆ. ಕೇಂದ್ರ ಸರ್ಕಾರದ ಯೋಜನೆಗಳು ಬೀಜದ ಸಹಾಯಧನದಲ್ಲಿ ಇತ್ತೀಚಿನ ತಳಿಗಳಿಗೇ ಆದ್ಯತೆ ನೀಡುವುದರಿಂದ 1940ರ ತಳಿಗೆ ಅಲ್ಲಿ ಜಾಗ ಕಡಿಮೆ. ಹೀಗೆ ರೈತ ಅಳೆದು ತೂಗಿ ಆರಿಸುವುದಕ್ಕಿಂತ ಹೆಚ್ಚಾಗಿ ಬರವೇ ತಳಿಯನ್ನು ಬದಲಿಸುತ್ತದೆ.

ಗಡಿಯ ಪಾತ್ರವೂ ದೊಡ್ಡದು. ಪಾವಗಡವನ್ನು ಬಹುತೇಕ ಎಲ್ಲ ಕಡೆಯಿಂದ ಆಂಧ್ರದ ನೆಲ ಸುತ್ತುವರಿದಿದೆ. ನಂಟಸ್ತನ, ಸಂತೆ, ಭಾಷೆ ಎಲ್ಲವೂ ಆಚೀಚೆ ಹರಡಿಕೊಂಡಿವೆ. ಕದಿರಿಯ ಬೀಜ ಇಲ್ಲಿಗೆ ಬರಲು ಸರ್ಕಾರಿ ಆದೇಶಕ್ಕೆ ಕಾಯಬೇಕಿಲ್ಲ. ಬೀಗರ ಮನೆಯ ಚೀಲದಲ್ಲಿಯೇ ಬರುತ್ತದೆ. ಧಾರವಾಡದ ತಳಿಗಿಂತ ಕದಿರಿಯ ತಳಿ ಮೊದಲು ತಲುಪಿದ್ದರೆ ಆಶ್ಚರ್ಯವೇನಿಲ್ಲ.

ಮುಂದೇನು?

ಟಿಎಂವಿ-2 ನೆಲ ಕಳೆದುಕೊಳ್ಳುತ್ತಿದೆ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಅದು ಒಮ್ಮೆಲೇ ಕಣ್ಮರೆಯಾಗುವ ಲಕ್ಷಣಗಳಿಲ್ಲ. ಅಲ್ಪಾವಧಿ, ತೆಳು ಸಿಪ್ಪೆ, ಗಿರಣಿಗೆ ಒಗ್ಗಿದ ಬೀಜ ಎಂಬ ಅದರ ಮೂರು ಗುಣಗಳನ್ನು ರೋಗನಿರೋಧಕ ಶಕ್ತಿಯೊಂದಿಗೆ ಕೂಡಿಸುವ ತಳಿಗೆ ಬೇಡಿಕೆ ಹಾಗೆಯೇ ಇದೆ. ಜಿಪಿಬಿಡಿ-4ರ ರೋಗನಿರೋಧಕ ವಂಶವಾಹಿಗಳನ್ನು ಟಿಎಂವಿ-2ಕ್ಕೆ ತರುವ ಸಂಶೋಧನೆ ಧಾರವಾಡದಲ್ಲಿ ನಡೆದಿರುವುದು ಇದೇ ಕಾರಣಕ್ಕೆ. ಅಂಥ ಬೀಜ ಈ ನಾಲ್ಕು ತಾಲ್ಲೂಕುಗಳಿಗೆ ಸಾಕಷ್ಟು ಪ್ರಮಾಣದಲ್ಲಿ ಬಂದರೆ ಹಳೆಯ ತಳಿ ಹೊಸ ರೂಪದಲ್ಲಿ ಮರಳಬಹುದು.

ತಳಿಗಳ ಈ ಸ್ಪರ್ಧೆಯ ನಡುವೆ ಬೆಳೆಯೇ ನೆಲ ಬಿಡುತ್ತಿರುವುದನ್ನೂ ಮರೆಯುವಂತಿಲ್ಲ. ಪಾವಗಡದ ತಿರುಮಣಿ ಸುತ್ತಲಿನ ಸುಮಾರು 13 ಸಾವಿರ ಎಕರೆ ಭೂಮಿ ಸೌರ ವಿದ್ಯುತ್ ಪಾರ್ಕಿಗೆ ಗುತ್ತಿಗೆಯಾಗಿದೆ. ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿಯ ದರದಿಂದ ಆರಂಭವಾದ ಆ ಗುತ್ತಿಗೆಯ ಖಾತ್ರಿಯನ್ನು ಮಳೆ ನೆಚ್ಚಿದ ಯಾವ ಕಡಲೆಕಾಯಿ ತಳಿಯೂ ಕೊಡಲಾರದು. ಕೊಳವೆಬಾವಿಯಲ್ಲಿ ನೀರಿರುವ ಕಡೆ ಅಡಿಕೆಯತ್ತ ಒಲವು ಹೆಚ್ಚಿದೆ. ಕಡಲೆಕಾಯಿಗೆ 2025-26ರ ಮುಂಗಾರು ಹಂಗಾಮಿಗೆ ಕ್ವಿಂಟಲ್‌ಗೆ 7,263 ರೂಪಾಯಿ ಬೆಂಬಲ ಬೆಲೆ ಘೋಷಣೆಯಾಗಿದೆ; ಆದರೆ ಕ್ವಿಂಟಲ್ ಲೆಕ್ಕ ಬರುವುದು ಕಾಯಿ ಕಟ್ಟಿದ ಮೇಲೆ.

ಆದ್ದರಿಂದ ಟಿಎಂವಿ-2ರ ಜಾಗಕ್ಕೆ ಕೆ-6 ಅಥವಾ ಲೇಪಾಕ್ಷಿ ಬರುವುದಷ್ಟೇ ಪರಿಹಾರವಾಗದು. ಒಂದು ತಳಿಯ ಏಕಸ್ವಾಮ್ಯ ಹೋಗಿ ಇನ್ನೊಂದರ ಏಕಸ್ವಾಮ್ಯ ಬಂದರೆ 2000ದ ಅನಂತಪುರದ ಪಾಠ ವ್ಯರ್ಥವಾದಂತೆಯೇ. ಮೂರು ನಾಲ್ಕು ತಳಿಗಳ ಬೀಜ ಹಳ್ಳಿಯಲ್ಲಿಯೇ ಉತ್ಪಾದನೆಯಾಗಿ, ಬರ ಬಂದ ಮರುವರ್ಷವೂ ರೈತನ ಮುಂದೆ ಆಯ್ಕೆ ಉಳಿಯುವಂತಾಗಬೇಕು. ಎಂಟು ದಶಕ ಬಾಳಿದ ತಳಿ ಬಿಟ್ಟುಹೋಗುವ ಜಾಗವನ್ನು ತುಂಬಲು ಅದೊಂದೇ ಭದ್ರ ದಾರಿ.